ಕಾಲಿನ ರಕ್ತನಾಳದಲ್ಲಿ ಹೆಪ್ಪು: ಕರಗಿಸುವ ಔಷಧಿ ಯಾರಿಗೆ, ಯಾವಾಗ, ಹೇಗೆ

ಒಂದು ಕಾಲು ಮಾತ್ರ ಊದಿಕೊಂಡರೆ ನಮ್ಮ ಕಡೆ ಮೊದಲು ನೆನಪಾಗುವುದು ಎಣ್ಣೆ. ಹರಳೆಣ್ಣೆ ಬಿಸಿ ಮಾಡಿ ಮೀನಖಂಡದಿಂದ ತೊಡೆಯವರೆಗೆ ತಿಕ್ಕುವುದು, ಬಿಸಿನೀರು ಹುಯ್ಯುವುದು, ಉಳುಕು ತೆಗೆಯುವವರ ಹತ್ತಿರ ಕರೆದುಕೊಂಡು ಹೋಗುವುದು. ಹಾಸನ, ಚಿಕ್ಕಮಗಳೂರಿನ ಹಳ್ಳಿಗಳಲ್ಲಿ, ತೋಟದ ಲೈನ್‌ಮನೆಗಳಲ್ಲಿ ಹೀಗೆ ಒಂದು ವಾರ, ಹತ್ತು ದಿನ ಕಳೆದುಹೋಗುತ್ತದೆ. ಆ ಊತದ ಹಿಂದೆ ಇರುವುದು ಆಳದ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತವಾಗಿದ್ದರೆ ಆ ದಿನಗಳು ತುಂಬಾ ದುಬಾರಿ. ಹೆಪ್ಪು ಕರಗಿಸುವ ಔಷಧಿಗಳು ಚೆನ್ನಾಗಿ ಕೆಲಸ ಮಾಡುವುದು ಹೆಪ್ಪು ಹೊಸದಾಗಿದ್ದಾಗ, ಅಂದರೆ ಊತ ಶುರುವಾದ ಮೊದಲ 14 ದಿನಗಳ ಒಳಗೆ. ಆಮೇಲೆ ಹೆಪ್ಪು ಗಟ್ಟಿಯಾಗಿ, ನಾರಿನ ಅಂಶ ಬೆಳೆದು, ರಕ್ತನಾಳದ ಗೋಡೆಗೆ ಅಂಟಿಕೊಳ್ಳುತ್ತದೆ. ಆಗ ಎಷ್ಟು ದೊಡ್ಡ ಆಸ್ಪತ್ರೆಗೆ ಹೋದರೂ ಔಷಧಿಗೆ ಅದನ್ನು ಕರಗಿಸುವುದು ಕಷ್ಟ.

ಇನ್ನೊಂದು ಮಾತನ್ನೂ ಮೊದಲೇ ಹೇಳಬೇಕು. ಹೆಪ್ಪುಗಟ್ಟಿದ ಎಲ್ಲರಿಗೂ ಕರಗಿಸುವ ಔಷಧಿ ಬೇಕಾಗುವುದಿಲ್ಲ. ಹೆಚ್ಚಿನವರಿಗೆ ಬೇಡವೇ ಬೇಡ. ಯಾರಿಗೆ ಬೇಕು, ಯಾರಿಗೆ ಅದೇ ಅಪಾಯ ಎಂಬುದು ತಿಳಿದಿದ್ದರೆ ವೈದ್ಯರು ಕೇಳಿದ ತಕ್ಷಣ ನೀವು ಸರಿಯಾದ ಉತ್ತರ ಕೊಡಬಲ್ಲಿರಿ, ಸರಿಯಾದ ಪ್ರಶ್ನೆ ಕೇಳಬಲ್ಲಿರಿ. ಈ ಲೇಖನ ಅದಕ್ಕಾಗಿ.

ಮೊದಲ ಹೆಜ್ಜೆ: ಕಾಲನ್ನು ಅಳೆಯಿರಿ

ಎರಡೂ ಕಾಲು ಸಮನಾಗಿ ಊದಿದ್ದರೆ ಕಾರಣ ಹೆಚ್ಚಾಗಿ ಬೇರೆಯೇ ಇರುತ್ತದೆ: ಹೃದಯ, ಮೂತ್ರಪಿಂಡ, ಯಕೃತ್ತು, ರಕ್ತಹೀನತೆ, ಕೆಲವು ಬಿಪಿ ಮಾತ್ರೆಗಳು. ಒಂದೇ ಕಾಲು ಒಂದೆರಡು ದಿನಗಳಲ್ಲಿ ಊದಿಕೊಂಡು, ಮೀನಖಂಡದಲ್ಲಿ ಅಥವಾ ತೊಡೆಯಲ್ಲಿ ನೋವು, ಭಾರ, ಬಿಸಿ ಕಾಣಿಸಿಕೊಂಡರೆ ಹೆಪ್ಪಿನ ಅನುಮಾನ ಬರಬೇಕು. ಪುಸ್ತಕಗಳಲ್ಲಿ ಚರ್ಮ ಕೆಂಪಾಗುತ್ತದೆ ಎಂದು ಬರೆದಿರುತ್ತಾರೆ. ನಮ್ಮ ಮೈಬಣ್ಣದಲ್ಲಿ ಆ ಕೆಂಪು ಎದ್ದು ಕಾಣುವುದಿಲ್ಲ. ಅದರ ಬದಲು ಚರ್ಮ ಬಿಗಿದು ಹೊಳೆಯುತ್ತಿದೆಯೇ, ಇನ್ನೊಂದು ಕಾಲಿಗಿಂತ ಬಿಸಿಯಾಗಿದೆಯೇ ಎಂದು ಅಂಗೈಯ ಹಿಂಬದಿ ಇಟ್ಟು ನೋಡಿ.

ದರ್ಜಿಯ ಟೇಪು ಮನೆಯಲ್ಲಿದ್ದರೆ ತೆಗೆದುಕೊಳ್ಳಿ. ಮಂಡಿಚಿಪ್ಪಿನ ಕೆಳಗೆ ಮೊಣಕಾಲಿನ ಮುಂಭಾಗದಲ್ಲಿ ಕೈಗೆ ಸಿಗುವ ಮೂಳೆಯ ಉಬ್ಬು ಇದೆಯಲ್ಲ, ಅಲ್ಲಿಂದ 10 ಸೆಂಟಿಮೀಟರ್ ಕೆಳಗೆ ಪೆನ್ನಿನಿಂದ ಗುರುತು ಹಾಕಿ ಸುತ್ತಳತೆ ತೆಗೆಯಿರಿ. ಇನ್ನೊಂದು ಕಾಲಿನಲ್ಲೂ ಅದೇ ಎತ್ತರದಲ್ಲಿ ಅಳೆಯಿರಿ. ವ್ಯತ್ಯಾಸ 3 ಸೆಂಟಿಮೀಟರ್ ದಾಟಿದ್ದರೆ ಅದು ವೈದ್ಯರೂ ಲೆಕ್ಕಕ್ಕೆ ಹಿಡಿಯುವ ಲಕ್ಷಣ. ಅಳತೆಯನ್ನು ದಿನಾಂಕ ಸಹಿತ ಬರೆದಿಡಿ. ಊತ ಯಾವ ದಿನ ಶುರುವಾಯಿತು ಎಂಬುದನ್ನೂ ಅದೇ ಚೀಟಿಯಲ್ಲಿ ಬರೆಯಿರಿ. ಆ ಒಂದು ದಿನಾಂಕದ ಮೇಲೆ ಮುಂದಿನ ಚಿಕಿತ್ಸೆ ನಿರ್ಧಾರವಾಗುವ ಸಂದರ್ಭ ಬರಬಹುದು. ಆಸ್ಪತ್ರೆಯಲ್ಲಿ ಕೇಳಿದಾಗ "ಸುಮಾರು ದಿನ ಆಯಿತು" ಎಂದರೆ ಪ್ರಯೋಜನವಿಲ್ಲ.

ಅಳತೆ ಕಡಿಮೆ ಬಂದರೆ ಹೆಪ್ಪು ಇಲ್ಲ ಎಂದು ಅರ್ಥವಲ್ಲ. ಅನುಮಾನಕ್ಕೆ ಬಲ ಬರುವುದು ಹಿನ್ನೆಲೆಯಿಂದ. ಮೆಣಸು ಕುಯ್ಯುವಾಗ ಏಣಿಯಿಂದ, ತೆಂಗಿನ ಮರದಿಂದ ಬಿದ್ದು ಮೂಳೆ ಮುರಿದು ಪಟ್ಟಿ ಹಾಕಿಸಿಕೊಂಡವರು, ಸೊಂಟದ ಕೀಲು, ಮಂಡಿ ಬದಲಿಸಿಕೊಂಡವರು, ಯಾವುದೇ ದೊಡ್ಡ ಆಪರೇಷನ್ ಆಗಿ ಹಾಸಿಗೆಯಲ್ಲಿರುವವರು, ಕ್ಯಾನ್ಸರ್ ಇರುವವರು, ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರು, ಹಿಂದೆ ಒಮ್ಮೆ ಹೆಪ್ಪುಗಟ್ಟಿದವರು, ತಂದೆ ತಾಯಿ ಒಡಹುಟ್ಟಿದವರಲ್ಲಿ ಯಾರಿಗಾದರೂ ಹೀಗಾಗಿದ್ದವರು. ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಕೂತೇ ಮಾಡುವ ಪ್ರಯಾಣವೂ ಅಪಾಯವನ್ನು ಹೆಚ್ಚಿಸುತ್ತದೆ. ಆದರೆ ಆರೋಗ್ಯವಂತರಲ್ಲಿ ಅದು ತೀರಾ ಅಪರೂಪ. ರಾತ್ರಿ ಬಸ್ಸಿಗೆ ಹೆದರಬೇಕಿಲ್ಲ.

ಬಾಣಂತಿಯರ ವಿಷಯ ಬೇರೆಯಾಗಿ ಹೇಳಬೇಕು. ಬಸಿರಿನಲ್ಲಿ ಮತ್ತು ಹೆರಿಗೆಯಾದ ಮೊದಲ ಆರು ವಾರಗಳಲ್ಲಿ ರಕ್ತ ಹೆಪ್ಪುಗಟ್ಟುವ ಗುಣ ಸಹಜವಾಗಿಯೇ ಹೆಚ್ಚಿರುತ್ತದೆ. ಸಿಸೇರಿಯನ್ ಆಗಿದ್ದರೆ ಇನ್ನೂ ಹೆಚ್ಚು. ಇದೇ ಹೊತ್ತಿನಲ್ಲಿ ನಾವು ಬಾಣಂತಿಯನ್ನು ಮಂಚ ಬಿಟ್ಟು ಇಳಿಯಲು ಬಿಡುವುದಿಲ್ಲ, ನೀರು ಕೊಡುವುದಕ್ಕೂ ಲೆಕ್ಕ ಹಾಕುತ್ತೇವೆ. ಹಿರಿಯರ ಕಾಳಜಿ ನಿಜವಾದದ್ದೇ, ಆದರೆ ಈ ಎರಡು ಕಟ್ಟುಪಾಡುಗಳು ಹೆಪ್ಪಿಗೆ ಅನುಕೂಲ ಮಾಡಿಕೊಡುತ್ತವೆ. ಬಾಣಂತಿ ಮನೆಯೊಳಗೆ ಓಡಾಡಲಿ, ಬೇಕಾದಷ್ಟು ನೀರು ಕುಡಿಯಲಿ. ಅವಳ ಎಡಗಾಲು ತೊಡೆಯಿಂದ ಊದಿದರೆ "ಬಾಣಂತಿ ಊತ" ಎಂದು ಬಿಡಬೇಡಿ. ಎಡಗಾಲಿನಿಂದ ಬರುವ ದೊಡ್ಡ ಅಭಿಧಮನಿಯ (ರಕ್ತವನ್ನು ಹೃದಯಕ್ಕೆ ಮರಳಿಸುವ ನಾಳ) ಮೇಲೆ ಬಲಗಾಲಿಗೆ ಹೋಗುವ ಅಪಧಮನಿ (ಹೃದಯದಿಂದ ರಕ್ತ ಒಯ್ಯುವ ನಾಳ) ಹಾದುಹೋಗುವುದರಿಂದ ಬಸುರಿಯರಲ್ಲಿ ಹೆಪ್ಪು ಹೆಚ್ಚಾಗಿ ಎಡಗಡೆಯೇ ಆಗುತ್ತದೆ. ಬಾಣಂತಿಗೆ ಬಿಡದ ತಲೆನೋವು, ದೃಷ್ಟಿ ಮಂಜಾಗುವುದು, ಫಿಟ್ಸ್ ಬಂದರೂ ತಡಮಾಡಬಾರದು; ಮೆದುಳಿನ ಅಭಿಧಮನಿಯಲ್ಲೂ ಇದೇ ಬಗೆಯ ಹೆಪ್ಪು ಆಗುವುದುಂಟು.

ಆಸ್ಪತ್ರೆ ತಲುಪುವವರೆಗೆ

ತಿಕ್ಕಬೇಡಿ. ಎಣ್ಣೆ, ಮುಲಾಮು, ಉಳುಕು ತೆಗೆಯುವುದು, ಒತ್ತುವುದು ಯಾವುದೂ ಬೇಡ. ಹೊಸ ಹೆಪ್ಪು ರಕ್ತನಾಳದ ಗೋಡೆಗೆ ಇನ್ನೂ ಗಟ್ಟಿಯಾಗಿ ಅಂಟಿರುವುದಿಲ್ಲ. ತಿಕ್ಕಿದರೆ ತುಂಡಾಗಿ ಹೃದಯದ ಬಲಭಾಗ ದಾಟಿ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಹಾಕಿಕೊಳ್ಳಬಹುದು. ಕಾಲಿನ ಹೆಪ್ಪಿನಿಂದ ಸಾವು ಬರುವುದು ಹೀಗೆ.

ಮೆಡಿಕಲ್ ಶಾಪಿನಿಂದ ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆ ತಂದು ನುಂಗಿಸುವುದು, ಸೊಂಟಕ್ಕೆ ನೋವಿನ ಚುಚ್ಚುಮದ್ದು ಹಾಕಿಸುವುದು ಕೂಡ ಬೇಡ. ಮುಂದೆ ಕೊಡಬೇಕಾದ ಔಷಧಿಗಳ ಜೊತೆ ಅವು ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ. ಮಲಗಿದಾಗ ದಿಂಬಿಟ್ಟು ಕಾಲನ್ನು ಎತ್ತರದಲ್ಲಿಡಿ. ಶೌಚಾಲಯಕ್ಕೆ ನಿಧಾನವಾಗಿ ನಡೆದು ಹೋಗುವುದರಲ್ಲಿ ತಪ್ಪಿಲ್ಲ. ತೋಟದ ಕೆಲಸ ಮಾತ್ರ ನಿಲ್ಲಲಿ.

ಇದ್ದಕ್ಕಿದ್ದಂತೆ ಉಸಿರು ಸಾಲದಂತಾಗುವುದು, ಉಸಿರೆಳೆದರೆ ಎದೆಯಲ್ಲಿ ಚುಚ್ಚುವುದು, ಕೆಮ್ಮಿನಲ್ಲಿ ರಕ್ತ, ತಲೆಸುತ್ತಿ ಬೀಳುವುದು ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಕರೆ ಮಾಡಿ, ಹತ್ತಿರದ ಆಸ್ಪತ್ರೆಗೆ ಹೋಗಿ. ಇಡೀ ಕಾಲು ತೊಡೆಸಂದಿನವರೆಗೆ ಬಿಗಿದು, ನೀಲಿಗಟ್ಟಿ, ಸಹಿಸಲಾಗದ ನೋವಿದ್ದರೂ ಅಷ್ಟೇ ತುರ್ತು. ಅಲ್ಲಿ ದಿನಗಳ ಲೆಕ್ಕವಿಲ್ಲ, ಗಂಟೆಗಳ ಲೆಕ್ಕ. ಕಾಲನ್ನೇ ಕಳೆದುಕೊಳ್ಳುವ ಸ್ಥಿತಿ ಅದು.

ಸ್ಕ್ಯಾನಿಂಗ್ ವರದಿಯಲ್ಲಿ ನೋಡಬೇಕಾದ್ದು

ಹೆಪ್ಪು ಇದೆಯೇ ಎಂದು ಖಚಿತಪಡಿಸುವುದು ಡಾಪ್ಲರ್ ಸ್ಕ್ಯಾನಿಂಗ್. ನೋವಿಲ್ಲ, ಚುಚ್ಚುವುದಿಲ್ಲ. ಕಾಲಿಗೆ ಜೆಲ್ ಹಚ್ಚಿ ತೊಡೆಸಂದಿನಿಂದ ಕೆಳಗೆ ಇಳಿಯುತ್ತಾ ಅಲ್ಲಲ್ಲಿ ಯಂತ್ರದ ತುದಿಯಿಂದ ಒತ್ತುತ್ತಾರೆ. ಆರೋಗ್ಯವಾದ ಅಭಿಧಮನಿ ಒತ್ತಿದರೆ ಪೂರ್ತಿ ಮುಚ್ಚಿಕೊಳ್ಳುತ್ತದೆ, ಒಳಗೆ ಹೆಪ್ಪಿದ್ದರೆ ಮುಚ್ಚುವುದಿಲ್ಲ. ಡಿ-ಡೈಮರ್ ಎಂಬ ರಕ್ತಪರೀಕ್ಷೆಯನ್ನೂ ಬರೆಯಬಹುದು. ಅನುಮಾನ ಕಡಿಮೆಯಿರುವವರಲ್ಲಿ ಅದು ಸಹಜವಾಗಿ ಬಂದರೆ ಹೆಪ್ಪಿಲ್ಲ ಎಂದು ನಂಬಬಹುದು. ಆದರೆ ಆಪರೇಷನ್, ಬಸಿರು, ಸೋಂಕು, ಗಾಯ ಎಲ್ಲದರಲ್ಲೂ ಅದು ಏರುತ್ತದೆ. ಏರಿದ ಮಾತ್ರಕ್ಕೆ ಹೆಪ್ಪು ಎಂದಾಗುವುದಿಲ್ಲ.

ವರದಿ ಕೈಗೆ ಬಂದಾಗ ಹೆಪ್ಪು ಎಲ್ಲಿಯವರೆಗೆ ಇದೆ ಎಂದು ಕೇಳಿ. ಮೀನಖಂಡದಲ್ಲಿ ಮಾತ್ರವೇ, ಮಂಡಿಯ ಹಿಂದಿನ ಪಾಪ್ಲಿಟಿಯಲ್ ನಾಳದವರೆಗೆ ಬಂದಿದೆಯೇ, ತೊಡೆಯ ಫೆಮೊರಲ್ ನಾಳದಲ್ಲಿದೆಯೇ, ಕಿಬ್ಬೊಟ್ಟೆಯೊಳಗಿನ ಇಲಿಯಾಕ್ ನಾಳಕ್ಕೆ ಏರಿದೆಯೇ? ಮುಂದಿನದೆಲ್ಲ ಈ ಉತ್ತರದ ಮೇಲೆ ನಿಂತಿದೆ. ಕೆಲವು ವರದಿಗಳಲ್ಲಿ "ಸೂಪರ್‌ಫಿಷಿಯಲ್ ಫೆಮೊರಲ್ ವೇನ್" ಎಂದು ಇಂದಿಗೂ ಬರೆಯುತ್ತಾರೆ. ಅದನ್ನು ಓದಿ ಮೇಲ್ಪದರದ ನಾಳ, ಚಿಂತೆಯಿಲ್ಲ ಎಂದುಕೊಳ್ಳಬೇಡಿ. ಅದು ಆಳದ ನಾಳವೇ. ಅಲ್ಲಿ ಹೆಪ್ಪಿದ್ದರೆ ಚಿಕಿತ್ಸೆ ಆಗಲೇಬೇಕು.

ಎರಡು ಬಗೆಯ ಔಷಧಿ, ಎರಡು ಬೇರೆ ಕೆಲಸ

ಇಲ್ಲಿ ಬಹಳ ಜನ ಗೊಂದಲಕ್ಕೆ ಬೀಳುತ್ತಾರೆ. ಮಳೆಗಾಲದಲ್ಲಿ ತೋಟಕ್ಕೆ ಇಳಿದವರಿಗೆ ಇಂಬಳ ಕಚ್ಚುವುದು ಗೊತ್ತೇ ಇದೆ. ಕಿತ್ತು ಎಸೆದ ಮೇಲೂ ಆ ಜಾಗದಿಂದ ರಕ್ತ ಹರಿಯುತ್ತಲೇ ಇರುತ್ತದೆ, ಕಾಲುಚೀಲ ತೊಯ್ದುಹೋಗುತ್ತದೆ. ಜಿಗಣೆಯ ಎಂಜಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಸ್ತುವಿದೆ ಎಂಬುದನ್ನು 1884ರಲ್ಲಿ ಜಾನ್ ಹೇಕ್ರಾಫ್ಟ್ ಎಂಬ ವಿಜ್ಞಾನಿ ತೋರಿಸಿದರು. ಅದು ಹೊಸ ಹೆಪ್ಪು ಆಗದಂತೆ ತಡೆಯುತ್ತದೆ, ಆಗಲೇ ಆಗಿರುವ ಹೆಪ್ಪನ್ನು ಕರಗಿಸುವುದಿಲ್ಲ. ಹೆಪರಿನ್, ಎನಾಕ್ಸಾಪರಿನ್ ಚುಚ್ಚುಮದ್ದು, ವಾರ್ಫರಿನ್, ಅಸೆನೊಕೌಮರಾಲ್, ರಿವರೊಕ್ಸಬಾನ್, ಎಪಿಕ್ಸಬಾನ್, ಡಬಿಗಟ್ರಾನ್ ಮಾತ್ರೆಗಳು ಎಲ್ಲವೂ ಈ ಗುಂಪಿನವು. ಜನ ಇವನ್ನು "ರಕ್ತ ತೆಳು ಮಾಡುವ ಮಾತ್ರೆ" ಎನ್ನುತ್ತಾರೆ. ಇವು ಹೆಪ್ಪು ಬೆಳೆಯದಂತೆ ಕಾಯುತ್ತವೆ. ಆ ಬಿಡುವಿನಲ್ಲಿ ನಮ್ಮ ದೇಹವೇ ನಿಧಾನವಾಗಿ ವಾರ, ತಿಂಗಳುಗಳಲ್ಲಿ ಹೆಪ್ಪನ್ನು ಕರಗಿಸುತ್ತಾ ಹೋಗುತ್ತದೆ. (ಊದಿದ ಕಾಲಿಗೆ ಜಿಗಣೆ ಬಿಡಿಸುವ ಪದ್ಧತಿ ಕೆಲವೆಡೆ ಇದೆ. ಆಳದ ನಾಳದ ಹೆಪ್ಪಿಗೆ ಅದು ಚಿಕಿತ್ಸೆಯಲ್ಲ. ಗಾಯ, ಸೋಂಕು ಹೆಚ್ಚುವುದೇ ಬಂತು.)

ಇನ್ನೊಂದು ಗುಂಪು ನಿಜವಾಗಿ ಕರಗಿಸುವಂಥದ್ದು: ಸ್ಟ್ರೆಪ್ಟೊಕೈನೇಸ್, ಯುರೊಕೈನೇಸ್, ಆಲ್ಟೆಪ್ಲೇಸ್, ರೆಟೆಪ್ಲೇಸ್, ಟೆನೆಕ್ಟೆಪ್ಲೇಸ್. ನಮ್ಮ ರಕ್ತದಲ್ಲಿ ಪ್ಲಾಸ್ಮಿನೋಜನ್ ಎಂಬ ಪ್ರೋಟೀನು ಸುಮ್ಮನೆ ಓಡಾಡಿಕೊಂಡಿರುತ್ತದೆ. ಈ ಔಷಧಿಗಳು ಅದನ್ನು ಪ್ಲಾಸ್ಮಿನ್ ಆಗಿ ಬದಲಿಸುತ್ತವೆ. ಪ್ಲಾಸ್ಮಿನ್ ಹೆಪ್ಪನ್ನು ಹಿಡಿದಿಟ್ಟಿರುವ ಫೈಬ್ರಿನ್ ಎಳೆಗಳನ್ನು ಕತ್ತರಿಸುತ್ತದೆ. ಕಾಲಿನಲ್ಲಿರುವ ಕೆಟ್ಟ ಹೆಪ್ಪು ಯಾವುದು, ಹೊಟ್ಟೆಯ ಹುಣ್ಣನ್ನು ಮುಚ್ಚಿ ಕಾಪಾಡುತ್ತಿರುವ ಒಳ್ಳೆಯ ಹೆಪ್ಪು ಯಾವುದು ಎಂದು ಅದಕ್ಕೆ ತಿಳಿಯುವುದಿಲ್ಲ. ಇದರ ಶಕ್ತಿಯೂ ಅಪಾಯವೂ ಇದೇ.

ಸ್ಟ್ರೆಪ್ಟೊಕೈನೇಸ್ ಇವುಗಳಲ್ಲಿ ಹಳೆಯದು, 1933ರಲ್ಲಿ ವಿಲಿಯಂ ಟಿಲೆಟ್ ಬ್ಯಾಕ್ಟೀರಿಯಾವೊಂದರಿಂದ ಗುರುತಿಸಿದ್ದು. ಬೆಲೆ ಕಡಿಮೆ, ಆದರೆ ಮೈ ಅದನ್ನು ಪರಕೀಯ ಎಂದು ಗುರುತಿಸಿ ಪ್ರತಿಕಾಯ ಬೆಳೆಸಿಕೊಳ್ಳುತ್ತದೆ. ಚಳಿಜ್ವರ, ಬಿಪಿ ಇಳಿಯುವುದು, ಅಲರ್ಜಿ ಆಗಬಹುದು. ಹಿಂದೆ ಯಾವಾಗಲಾದರೂ, ಹೃದಯಾಘಾತಕ್ಕಾದರೂ ಸರಿ, ಸ್ಟ್ರೆಪ್ಟೊಕೈನೇಸ್ ಕೊಟ್ಟಿದ್ದರೆ ವೈದ್ಯರಿಗೆ ಹೇಳಿ; ಅದನ್ನು ಮತ್ತೆ ಕೊಡುವುದಿಲ್ಲ.

2025ರ ಮೇ, ಜೂನ್ ತಿಂಗಳಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳು ಸುದ್ದಿಯಾದ ಮೇಲೆ ನಮ್ಮಲ್ಲಿ ಬಹಳ ಮಂದಿಗೆ ಟೆನೆಕ್ಟೆಪ್ಲೇಸ್ ಹೆಸರು ಪರಿಚಯವಾಗಿದೆ. ರಾಜ್ಯದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲೂಕು ಆಸ್ಪತ್ರೆಗಳಲ್ಲೂ ಈ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತಾರೆ. ಅದು ಹೃದಯದ ಅಪಧಮನಿ ಮುಚ್ಚಿದಾಗ ಕೊಡುವುದು. "ಅಲ್ಲಿ ಇದೆಯಲ್ಲ, ಕಾಲಿಗೂ ಹಾಕಿ" ಎಂದು ಕೇಳುವವರಿದ್ದಾರೆ. ಕಾಲಿನ ಅಭಿಧಮನಿಯ ಹೆಪ್ಪು ಬಹಳ ದೊಡ್ಡದು. ತೋಳಿನಲ್ಲಿ ಹಾಕಿದ ಔಷಧಿ ಮೈಯೆಲ್ಲ ಸುತ್ತುತ್ತದೆ, ಮುಚ್ಚಿಹೋದ ನಾಳದೊಳಗೆ ಸಾಕಷ್ಟು ಸೇರುವುದಿಲ್ಲ, ರಕ್ತಸ್ರಾವದ ಅಪಾಯ ಮಾತ್ರ ಪೂರ್ತಿ ಉಳಿಯುತ್ತದೆ. ಆದ್ದರಿಂದ ಕಾಲಿನ ಹೆಪ್ಪಿಗೆ ಇಂದು ಆ ದಾರಿ ಹಿಡಿಯುವುದು ತೀರಾ ಕಡಿಮೆ.

ಹೆಪ್ಪು ಶ್ವಾಸಕೋಶಕ್ಕೆ ಹೋಗಿ ಬಿಪಿಯ ಮೇಲಿನ ಅಂಕಿ 90ಕ್ಕಿಂತ ಕೆಳಗಿಳಿದಾಗ ಮಾತ್ರ ಲೆಕ್ಕ ಬೇರೆ. ಆಗ ತೋಳಿನ ಮೂಲಕವೇ ಆಲ್ಟೆಪ್ಲೇಸ್ 100 ಮಿಲಿಗ್ರಾಂ ಎರಡು ಗಂಟೆಗಳಲ್ಲಿ ಕೊಡುವುದು ಜೀವ ಉಳಿಸುವ ಚಿಕಿತ್ಸೆ. ಅಂಥ ಹೊತ್ತಿನಲ್ಲಿ ವೈದ್ಯರು ಸಹಿ ಕೇಳಿದರೆ, ಊರಿನಿಂದ ದೊಡ್ಡಪ್ಪ ಬರಲಿ, ಮಾವ ಬರಲಿ ಎಂದು ಕಾಯುತ್ತಾ ಕೂರಬೇಡಿ.

ಕರಗಿಸುವ ಔಷಧಿ ಕಾಲಿಗೆ ಯಾರಿಗೆ ಬೇಕು?

ಹೆಪ್ಪು ಮೀನಖಂಡದಲ್ಲಿ ಮಾತ್ರ ಇದ್ದರೆ ಬೇಡ. ತೊಡೆ ಮತ್ತು ಕಿಬ್ಬೊಟ್ಟೆಯ ದೊಡ್ಡ ನಾಳಗಳಲ್ಲಿ ಇದ್ದು, ಊತ ಶುರುವಾಗಿ 14 ದಿನ ದಾಟಿರದೆ, ರೋಗಿ ಈವರೆಗೆ ಚೆನ್ನಾಗಿ ಓಡಾಡಿಕೊಂಡಿದ್ದು, ರಕ್ತಸ್ರಾವದ ಅಪಾಯ ಕಡಿಮೆಯಿದ್ದು, ಕಾಲು ತುಂಬಾ ಊದಿ ನೋಯುತ್ತಿದ್ದರೆ ಅಂಥವರ ಬಗ್ಗೆ ವೈದ್ಯರು ಯೋಚಿಸುತ್ತಾರೆ. ಕಾಲೇ ಹೋಗುವ ಸ್ಥಿತಿಯಿದ್ದರೆ ಚರ್ಚೆಯಿಲ್ಲ, ಕೂಡಲೇ ಆಗಬೇಕು.

ಯಾಕಿಷ್ಟು ಜಾಗ್ರತೆ? ಸಂಶೋಧನೆಗಳು ಹೇಳಿದ್ದನ್ನು ಹಾಗೆಯೇ ಮುಂದಿಡುತ್ತೇನೆ. ದೊಡ್ಡ ನಾಳದಲ್ಲಿ ಹೆಪ್ಪಾದವರಲ್ಲಿ ಹಲವರಿಗೆ ಮುಂದೆ ವರ್ಷಗಟ್ಟಲೆ ಕಾಲು ಊದುವುದು, ಸಂಜೆಯಾದರೆ ಭಾರ, ಹಿಮ್ಮಡಿಯ ಮೇಲೆ ಒಳಬದಿಯಲ್ಲಿ ಚರ್ಮ ಕಪ್ಪಾಗಿ ಒಣಗದ ಹುಣ್ಣು ಆಗುವುದು ಉಂಟು. ಹೆಪ್ಪನ್ನು ಬೇಗ ಕರಗಿಸಿದರೆ ಇದು ತಪ್ಪುತ್ತದೆಯೇ ಎಂಬುದೇ ಪ್ರಶ್ನೆ. ನಾರ್ವೆಯಲ್ಲಿ ನಡೆದ ಕಾವೆಂಟ್ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಎರಡು ವರ್ಷಗಳ ನಂತರ ಈ ತೊಂದರೆ ಕರಗಿಸುವ ಔಷಧಿ ಪಡೆದವರಲ್ಲಿ ಶೇ. 41, ಪಡೆಯದವರಲ್ಲಿ ಶೇ. 56. ಇನ್ನೂ ದೊಡ್ಡದಾದ, ಅಮೆರಿಕದ ಅಟ್ರಾಕ್ಟ್ ಅಧ್ಯಯನ 692 ರೋಗಿಗಳನ್ನು ಸೇರಿಸಿಕೊಂಡು 2017ರಲ್ಲಿ ಬಂತು. ಅದರಲ್ಲಿ ಶೇ. 47 ಮತ್ತು ಶೇ. 48, ಅಂದರೆ ವ್ಯತ್ಯಾಸವೇ ಇಲ್ಲ. ಮೊದಲ ಹತ್ತು ದಿನಗಳಲ್ಲಿ ದೊಡ್ಡ ರಕ್ತಸ್ರಾವ ಮಾತ್ರ ಶೇ. 0.3ರಿಂದ 1.7ಕ್ಕೆ ಏರಿತ್ತು. ಆದರೆ ಕಿಬ್ಬೊಟ್ಟೆಯ ನಾಳದವರೆಗೆ ಹೆಪ್ಪಿದ್ದವರನ್ನು ಬೇರೆಯಾಗಿ ನೋಡಿದಾಗ ಮಧ್ಯಮ ಅಥವಾ ತೀವ್ರ ಮಟ್ಟದ ತೊಂದರೆ ಶೇ. 28ರಿಂದ 18ಕ್ಕೆ ಇಳಿದಿತ್ತು.

ನನ್ನ ತಿಳಿವಳಿಕೆ ಇಷ್ಟು: ಹೆಪ್ಪು ಕಿಬ್ಬೊಟ್ಟೆಯವರೆಗೆ ಏರಿದ, ನಾಳೆ ಮತ್ತೆ ತೋಟದಲ್ಲಿ, ತರಗತಿಯಲ್ಲಿ, ಬಸ್ಸಿನ ಸ್ಟೇರಿಂಗ್ ಹಿಂದೆ ದುಡಿಯಬೇಕಾದ ಮೂವತ್ತು ನಲವತ್ತು ವಯಸ್ಸಿನವರಿಗೆ ಈ ಚಿಕಿತ್ಸೆಯ ಬಗ್ಗೆ ತಜ್ಞರನ್ನು ಕೇಳದೆ ಬಿಡಬಾರದು. ಎಂಬತ್ತು ವರ್ಷದ ಅಜ್ಜಿಗೆ ಮಂಡಿಯ ಹಿಂದೆ ಹೆಪ್ಪಾಗಿದ್ದರೆ ಮಾತ್ರೆ ಸಾಕು. "ದೊಡ್ಡ ಔಷಧಿ ಕೊಡಿಸಲಿಲ್ಲವಲ್ಲ" ಎಂದು ಮಕ್ಕಳು ಕೊರಗುವ ಅಗತ್ಯವೇ ಇಲ್ಲ.

ಯಾರಿಗೆ ಕೊಡಬಾರದು

ಹಿಂದೆ ಯಾವಾಗಲಾದರೂ ಮೆದುಳಿನಲ್ಲಿ ರಕ್ತಸ್ರಾವ ಆಗಿದ್ದವರಿಗೆ, ಮೆದುಳಿನಲ್ಲಿ ಗೆಡ್ಡೆಯಿರುವವರಿಗೆ, ಮೂರು ತಿಂಗಳೊಳಗೆ ಪಾರ್ಶ್ವವಾಯು ಹೊಡೆದವರಿಗೆ, ಈಗ ಎಲ್ಲಾದರೂ ರಕ್ತ ಸೋರುತ್ತಿರುವವರಿಗೆ ಕೊಡುವುದಿಲ್ಲ. ಇತ್ತೀಚಿನ ದೊಡ್ಡ ಆಪರೇಷನ್, ತಲೆಗೆ ಪೆಟ್ಟು, ಹೆರಿಗೆ, ಹತೋಟಿಗೆ ಬಾರದ ಬಿಪಿ, ಹೊಟ್ಟೆಯ ಹುಣ್ಣು, ಪ್ಲೇಟ್‌ಲೆಟ್ ಕಡಿಮೆಯಿರುವುದು, ಯಕೃತ್ತಿನ ಕಾಯಿಲೆ, ಬಸಿರು ಇವೆಲ್ಲ ತೂಗಿ ನೋಡಬೇಕಾದವು.

ಇಲ್ಲಿ ಮನೆಯವರ ಪಾತ್ರ ದೊಡ್ಡದು. ಕಪ್ಪು ಮಲ ಹೋಗುತ್ತಿತ್ತು ಎಂಬುದು, ಎರಡು ವಾರದ ಹಿಂದೆ ಬೈಕಿನಿಂದ ಬಿದ್ದು ತಲೆಗೆ ಏಟಾಗಿತ್ತು ಎಂಬುದು, ದಿನವೂ ಸಂಜೆ ಕುಡಿಯುತ್ತಾರೆ ಎಂಬುದು ರೋಗಿ ಹೇಳದೆ ಮುಚ್ಚಿಡುವ ಸಂಗತಿಗಳು. ಅಪ್ಪನ ಮುಂದೆ ಹೇಳಲು ಸಂಕೋಚವಾದರೆ ವೈದ್ಯರನ್ನು ಹೊರಗೆ ಕರೆದು ಹೇಳಿ. ಪೇಟೆಯ ಮಾತ್ರೆ, ನಾಟಿ ಔಷಧಿ, ಪುಡಿ, ಕಷಾಯ ಏನೇ ಸೇವಿಸುತ್ತಿದ್ದರೂ ಪೊಟ್ಟಣ ಸಹಿತ ತೋರಿಸಿ.

ಎಲ್ಲಿಗೆ ಹೋಗಬೇಕು

ರೋಗ ಗುರುತಿಸುವುದು, ಹೆಪರಿನ್ ಶುರು ಮಾಡುವುದು ಹಾಸನದ ಹಿಮ್ಸ್ (ಸರ್ಕಾರಿ ವೈದ್ಯಕೀಯ ಕಾಲೇಜು) ಆಸ್ಪತ್ರೆಯಲ್ಲಿ, ಚಿಕ್ಕಮಗಳೂರಿನ ಜಿಲ್ಲಾ ಮಟ್ಟದ ಸರ್ಕಾರಿ ಆಸ್ಪತ್ರೆಯಲ್ಲಿ ಅಥವಾ ಡಾಪ್ಲರ್ ಇರುವ ಖಾಸಗಿ ಆಸ್ಪತ್ರೆಯಲ್ಲಿ ಆಗಬಹುದಾದ ಕೆಲಸ. ಬಹುಪಾಲು ಜನರ ಚಿಕಿತ್ಸೆ ಅಲ್ಲಿಗೇ ಮುಗಿಯುತ್ತದೆ. ಕ್ಯಾಥೆಟರ್ (ನಾಳದೊಳಗೆ ತೂರಿಸುವ ತೆಳುವಾದ ಕೊಳವೆ) ಮೂಲಕ ಔಷಧಿಯನ್ನು ನೇರವಾಗಿ ಹೆಪ್ಪಿಗೇ ಕೊಟ್ಟು ಕರಗಿಸಬೇಕಾದರೆ ಕ್ಯಾಥ್‌ಲ್ಯಾಬ್ (ಎಕ್ಸ್‌ರೇ ಪರದೆ ನೋಡುತ್ತಾ ಈ ಕೆಲಸ ಮಾಡುವ ಕೊಠಡಿ), ರಕ್ತನಾಳದ ಶಸ್ತ್ರತಜ್ಞರು ಅಥವಾ ಇಂಟರ್‌ವೆನ್ಷನಲ್ ರೇಡಿಯಾಲಜಿ ತಜ್ಞರು, ಹಗಲುರಾತ್ರಿ ಕಾಯುವ ಐಸಿಯು ಮೂರೂ ಒಂದೇ ಕಡೆ ಇರಬೇಕು.

ಎತ್ತ ಹೋಗಬೇಕು ಎಂಬುದನ್ನು ನಿಮ್ಮ ತಾಲೂಕು ನಿರ್ಧರಿಸುತ್ತದೆ. ಅರಸೀಕೆರೆ, ಚನ್ನರಾಯಪಟ್ಟಣದವರಿಗೆ ಬೆಂಗಳೂರು ಸಲೀಸು. ಹೊಳೆನರಸೀಪುರ, ಅರಕಲಗೂಡಿನವರಿಗೆ ಮೈಸೂರು ಹತ್ತಿರ. ಸಕಲೇಶಪುರದವರಿಗೆ ಶಿರಾಡಿ ಇಳಿದರೆ ಮಂಗಳೂರು, ಮೂಡಿಗೆರೆಯವರಿಗೆ ಚಾರ್ಮಾಡಿ ಇಳಿದರೆ ಮಂಗಳೂರು. ಶೃಂಗೇರಿ, ಕೊಪ್ಪದವರು ಮಣಿಪಾಲದ ಕಡೆ ನೋಡಬಹುದು. ಮಳೆಗಾಲದಲ್ಲಿ ಘಾಟಿಯಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚುವುದು ಹೊಸದಲ್ಲ. ಹೊರಡುವ ಮುನ್ನ ಘಾಟಿ ತೆರೆದಿದೆಯೇ ಎಂದು ವಿಚಾರಿಸಿ, ಹೋಗುವ ಆಸ್ಪತ್ರೆಗೆ ಫೋನ್ ಮಾಡಿ "ಅಭಿಧಮನಿಗೆ ಕ್ಯಾಥೆಟರ್ ಹಾಕಿ ಹೆಪ್ಪು ಕರಗಿಸುವ ಚಿಕಿತ್ಸೆ ನಿಮ್ಮಲ್ಲಿ ಮಾಡುತ್ತೀರಾ, ತಜ್ಞರು ಇದ್ದಾರೆಯೇ" ಎಂದು ಕೇಳಿಕೊಂಡೇ ಹೊರಡಿ.

ಕಳುಹಿಸುವ ವೈದ್ಯರನ್ನು ಒಂದು ಮಾತು ಕೇಳಲೇಬೇಕು: "ಡಾಕ್ಟರೇ, ಹೊರಡುವ ಮೊದಲು ಹೆಪರಿನ್ ಕೊಟ್ಟಿದ್ದೀರಾ? ಎಷ್ಟು, ಎಷ್ಟು ಗಂಟೆಗೆ?" ದಾರಿಯ ಐದಾರು ಗಂಟೆಗಳಲ್ಲಿ ಹೆಪ್ಪು ಬೆಳೆಯದಂತೆ ತಡೆಯುವುದು ಆ ಚುಚ್ಚುಮದ್ದು. ಸಮಯ, ಪ್ರಮಾಣ ಚೀಟಿಯಲ್ಲಿ ಬರೆಸಿಕೊಳ್ಳಿ. ಮುಂದಿನ ಆಸ್ಪತ್ರೆಯವರಿಗೆ ಅದು ಬೇಕು. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಅವಕಾಶವಿದೆ. ಪಡಿತರ ಚೀಟಿ, ಆಧಾರ್, ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಕೈಯಲ್ಲಿರಲಿ. ಈ ಚಿಕಿತ್ಸೆ ಆ ಯೋಜನೆಯಡಿ ಆ ಆಸ್ಪತ್ರೆಯಲ್ಲಿ ಸಿಗುತ್ತದೆಯೇ ಎಂದು ದಾಖಲಾಗುವ ಮೊದಲೇ ಆಸ್ಪತ್ರೆಯಲ್ಲಿ ಯೋಜನೆಯ ನೆರವಿಗಿರುವ ಆರೋಗ್ಯಮಿತ್ರರನ್ನು ಕೇಳಿ.

ಕ್ಯಾಥೆಟರ್ ಚಿಕಿತ್ಸೆಯಲ್ಲಿ ಏನಾಗುತ್ತದೆ

ರೋಗಿಯನ್ನು ಬೋರಲು ಮಲಗಿಸುತ್ತಾರೆ. ಮಂಡಿಯ ಹಿಂದಿನ ಗುಳಿಯಲ್ಲಿ ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು, ಅಲ್ಟ್ರಾಸೌಂಡ್ ಪರದೆ ನೋಡುತ್ತಾ ಪಾಪ್ಲಿಟಿಯಲ್ ನಾಳಕ್ಕೆ ಸೂಜಿ ಇಳಿಸುತ್ತಾರೆ. ರೋಗಿಗೆ ಎಚ್ಚರವಿರುತ್ತದೆ. ಸೂಜಿಯ ಮೂಲಕ ತೆಳುವಾದ ತಂತಿ, ತಂತಿಯ ಮೇಲೆ ಕ್ಯಾಥೆಟರ್ ಹೆಪ್ಪಿನ ನಡುವೆಯೇ ಸಾಗುತ್ತದೆ. ಕ್ಯಾಥೆಟರಿನ ತುದಿಯ ಉದ್ದಕ್ಕೂ ಸಣ್ಣ ರಂಧ್ರಗಳಿರುತ್ತವೆ; ಅವುಗಳಿಂದ ಔಷಧಿ ನೇರವಾಗಿ ಹೆಪ್ಪಿನೊಳಗೆ ಸೋರುತ್ತದೆ. ಪ್ರಮಾಣ ಬಹಳ ಕಡಿಮೆ: ಆಲ್ಟೆಪ್ಲೇಸ್ ಆದರೆ ಗಂಟೆಗೆ ಸಾಮಾನ್ಯವಾಗಿ ಅರ್ಧದಿಂದ ಒಂದು ಮಿಲಿಗ್ರಾಂ. ಮುಂದಿನ ಹನ್ನೆರಡರಿಂದ ಇಪ್ಪತ್ತನಾಲ್ಕು ಗಂಟೆ, ಕೆಲವೊಮ್ಮೆ ಇನ್ನೂ ಹೆಚ್ಚು ಹೊತ್ತು ಹನಿಹನಿಯಾಗಿ ಹೋಗುತ್ತಿರುತ್ತದೆ. ಕೆಲವು ಕಡೆ ಹೆಪ್ಪನ್ನು ಯಂತ್ರದಿಂದ ಒಡೆದು ಹೀರುವ ಸೌಲಭ್ಯವೂ ಇದೆ. ಆಗ ಔಷಧಿ, ಸಮಯ ಎರಡೂ ಕಡಿಮೆ ಸಾಕು.

ಆ ರಾತ್ರಿ ಐಸಿಯುನಲ್ಲಿ ಕಳೆಯುತ್ತದೆ. ಚಿಕಿತ್ಸೆಯ ಕಾಲನ್ನು ಮಡಚುವಂತಿಲ್ಲ. ಬೆನ್ನು ನೋಯುತ್ತದೆ, ಮಲಮೂತ್ರಕ್ಕೆ ಎದ್ದು ಹೋಗುವಂತಿಲ್ಲ, ಮನಸ್ಸಿಗೆ ಬೇಸರ. ಇದನ್ನು ರೋಗಿಗೆ ಮೊದಲೇ ಹೇಳಿ ಒಪ್ಪಿಸಿದ್ದರೆ ಅರ್ಧ ಹೋರಾಟ ಗೆದ್ದಂತೆ. ಕೆಲವು ಗಂಟೆಗಳಿಗೊಮ್ಮೆ ರಕ್ತ ತೆಗೆದು ಹಿಮೋಗ್ಲೋಬಿನ್, ಪ್ಲೇಟ್‌ಲೆಟ್, ಫೈಬ್ರಿನೋಜನ್ (ರಕ್ತ ಹೆಪ್ಪುಗಟ್ಟಲು ಬೇಕಾದ ಪ್ರೋಟೀನು) ನೋಡುತ್ತಾರೆ. "ಇರುವ ರಕ್ತವನ್ನೆಲ್ಲ ತೆಗೆಯುತ್ತಿದ್ದಾರೆ" ಎಂದು ಮನೆಯವರು ಗಾಬರಿಯಾಗುವುದು ಇಲ್ಲೇ. ಫೈಬ್ರಿನೋಜನ್ ತೀರಾ ಇಳಿದರೆ ರಕ್ತಸ್ರಾವದ ಅಪಾಯ ಏರಿತು ಎಂದರ್ಥ. ಆಗ ಔಷಧಿಯನ್ನು ಕಡಿಮೆ ಮಾಡುತ್ತಾರೆ ಅಥವಾ ನಿಲ್ಲಿಸುತ್ತಾರೆ. ಅದು ಗೊತ್ತಾಗುವುದು ಆ ಪರೀಕ್ಷೆಯಿಂದಲೇ.

ಪಕ್ಕದಲ್ಲಿ ಕೂರುವವರು ಕಣ್ಣಿಟ್ಟಿರಬೇಕಾದ್ದು ಇವು: ಹೊಸದಾಗಿ ತಲೆನೋವು, ವಾಂತಿ, ಮಾತು ತೊದಲುವುದು, ಮಂಕು, ಕೈಕಾಲಿನಲ್ಲಿ ಬಲಹೀನತೆ, ಹೊಟ್ಟೆ ಅಥವಾ ಬೆನ್ನಿನಲ್ಲಿ ಜೋರು ನೋವು, ಒಸಡಿನಲ್ಲಿ ರಕ್ತ, ಮೂತ್ರದ ಬಣ್ಣ ಬದಲಾಗುವುದು, ಸೂಜಿ ಹಾಕಿದ ಜಾಗ ಊದುವುದು. ಕಂಡ ಕೂಡಲೇ ನರ್ಸ್‌ಗೆ ಹೇಳಿ. ಬೆಳಗಾಗಲಿ ಎನ್ನಬೇಡಿ. ಆಲ್ಟೆಪ್ಲೇಸ್ ರಕ್ತದಿಂದ ನಿಮಿಷಗಳಲ್ಲಿ ಇಳಿಯುವ ಔಷಧಿ; ಬೇಗ ನಿಲ್ಲಿಸಿದರೆ ಬೇಗ ಹತೋಟಿಗೆ ಬರುತ್ತದೆ. ಆ ಹೊತ್ತಿನಲ್ಲಿ ಹಲ್ಲುಜ್ಜುವುದು, ಕ್ಷೌರ, ಸ್ನಾಯುವಿಗೆ ಚುಚ್ಚುಮದ್ದು ಇವೂ ಬೇಡ.

ಮರುದಿನ ಕಾಂಟ್ರಾಸ್ಟ್ ದ್ರವ ಬಿಟ್ಟು ಎಕ್ಸ್‌ರೇ ಪರದೆಯಲ್ಲಿ ನಾಳ ಎಷ್ಟು ತೆರೆದಿದೆ ಎಂದು ನೋಡುತ್ತಾರೆ. ಹೆಪ್ಪು ಕರಗಿದ ಮೇಲೆ ಎಡ ಕಿಬ್ಬೊಟ್ಟೆಯ ನಾಳ ಮೊದಲಿನಿಂದಲೂ ಅಪಧಮನಿಯ ಅಡಿಯಲ್ಲಿ ಒತ್ತಿಕೊಂಡಿದ್ದುದು ಕಂಡುಬಂದರೆ ಬಲೂನಿನಿಂದ ಹಿಗ್ಗಿಸಿ ಸ್ಟೆಂಟ್ ಇಡಬೇಕಾಗಬಹುದು. "ಸ್ಟೆಂಟ್ ಅಂದರೆ ಹೃದಯಕ್ಕಲ್ಲವೇ" ಎಂದು ಅನುಮಾನ ಪಡಬೇಡಿ. ಇದು ಅಭಿಧಮನಿಯ ಸ್ಟೆಂಟ್. ಇದರ ಖರ್ಚು ಬೇರೆ, ಆದ್ದರಿಂದ ಮೊದಲೇ ಕೇಳಿಟ್ಟುಕೊಳ್ಳಿ.

ಮನೆಗೆ ಬಂದ ಮೇಲೆ

ಹೆಪ್ಪು ಕರಗಿತು, ಕಾಲು ಇಳಿಯಿತು, ಇನ್ನು ಮಾತ್ರೆ ಯಾಕೆ ಎಂದು ನಿಲ್ಲಿಸುವವರಿದ್ದಾರೆ. ನಿಲ್ಲಿಸಿದರೆ ಅದೇ ಜಾಗದಲ್ಲಿ ಮತ್ತೆ ಹೆಪ್ಪಾಗಬಹುದು. ಕನಿಷ್ಠ ಮೂರು ತಿಂಗಳು ಮಾತ್ರೆ ಬೇಕು. ಆಪರೇಷನ್, ಮೂಳೆಮುರಿತದಂಥ ಸ್ಪಷ್ಟ ಕಾರಣವಿದ್ದು ಆ ಕಾರಣ ಮುಗಿದಿದ್ದರೆ ಸಾಮಾನ್ಯವಾಗಿ ಅಷ್ಟು ಸಾಕು. ಕಾರಣವೇ ಇಲ್ಲದೆ ಆಗಿದ್ದರೆ, ಕ್ಯಾನ್ಸರ್ ಇದ್ದರೆ, ಎರಡನೇ ಸಲ ಆಗಿದ್ದರೆ ಇನ್ನೂ ಮುಂದುವರಿಸುತ್ತಾರೆ.

ಮಾತ್ರೆ ಯಾವುದು ಎಂಬುದರ ಮೇಲೆ ನಿಯಮ ಬೇರೆ. ರಿವರೊಕ್ಸಬಾನ್ ಮೊದಲ 21 ದಿನ 15 ಮಿಲಿಗ್ರಾಂ ಎರಡು ಹೊತ್ತು, ಆಮೇಲೆ 20 ಮಿಲಿಗ್ರಾಂ ಒಂದು ಹೊತ್ತು. ಊಟದ ಜೊತೆಯೇ ತೆಗೆದುಕೊಳ್ಳಬೇಕು, ಖಾಲಿ ಹೊಟ್ಟೆಯಲ್ಲಿ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಎಪಿಕ್ಸಬಾನ್ ಮೊದಲ ಏಳು ದಿನ 10 ಮಿಲಿಗ್ರಾಂ ಎರಡು ಹೊತ್ತು, ಆಮೇಲೆ 5 ಮಿಲಿಗ್ರಾಂ ಎರಡು ಹೊತ್ತು. ಪ್ರಮಾಣ ಬದಲಿಸುವ ಆ ದಿನವನ್ನು ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಿಂದ ಗುರುತಿಸಿ. ನಿಮ್ಮ ಚೀಟಿಯಲ್ಲಿ ಬೇರೆ ಪ್ರಮಾಣ ಬರೆದಿದ್ದರೆ ಚೀಟಿಯೇ ಸರಿ. ಮೂತ್ರಪಿಂಡದ ಸ್ಥಿತಿ ನೋಡಿ ವೈದ್ಯರು ಬದಲಿಸಿರುತ್ತಾರೆ. ಜೆನೆರಿಕ್ ಮಾತ್ರೆ ಅಗ್ಗವಾಗಿ ಸಿಗುತ್ತದೆ, ಜನೌಷಧಿ ಕೇಂದ್ರದಲ್ಲಿ ವಿಚಾರಿಸಿ.

ವಾರ್ಫರಿನ್ ಅಥವಾ ಅಸೆನೊಕೌಮರಾಲ್ ಆದರೆ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕು ಎಂದು ತೋರಿಸುವ ಪಿಟಿ–ಐಎನ್‌ಆರ್ ಪರೀಕ್ಷೆ ಮಾಡಿಸುತ್ತಿರಬೇಕು. ಐಎನ್‌ಆರ್ 2ರಿಂದ 3ರ ನಡುವೆ ಇರಬೇಕು. ಸೊಪ್ಪಿನಲ್ಲಿರುವ ವಿಟಮಿನ್ ಕೆ ಈ ಮಾತ್ರೆಯ ಬಲವನ್ನು ಕುಗ್ಗಿಸುತ್ತದೆ. ಹಾಗೆಂದು ಹಾಸನದವರು ಬಸ್ಸಾರು ಬಿಡಬೇಕಾಗಿಲ್ಲ. ವಾರದಲ್ಲಿ ಎಷ್ಟು ಸೊಪ್ಪು ತಿನ್ನುವ ರೂಢಿಯೋ ಅಷ್ಟನ್ನೇ ಇಟ್ಟುಕೊಳ್ಳಿ. ಒಂದು ವಾರ ದಿನವೂ ಸೊಪ್ಪು, ಇನ್ನೊಂದು ವಾರ ಏನೂ ಇಲ್ಲ ಎಂಬುದು ಐಎನ್‌ಆರ್ ಅನ್ನು ಏರುಪೇರು ಮಾಡುತ್ತದೆ. ಈ ಎರಡು ಮಾತ್ರೆಗಳು ಬಸುರಿಯರಿಗೆ ಸಾಮಾನ್ಯವಾಗಿ ಕೂಡದು, ಮಗುವಿಗೆ ತೊಂದರೆ. ಅವರಿಗೆ ಎನಾಕ್ಸಾಪರಿನ್ ಚುಚ್ಚುಮದ್ದೇ ದಾರಿ. ಹಾಲೂಡಿಸುವ ಬಾಣಂತಿ ವಾರ್ಫರಿನ್ ತೆಗೆದುಕೊಳ್ಳಬಹುದು.

ನಡೆಯಿರಿ, ಪ್ರತಿದಿನ. ಸಂಜೆ ಕಾಲು ಭಾರವಾಗುವವರಿಗೆ ಒತ್ತಡದ ಕಾಲುಚೀಲ ಹಿತ ಕೊಡುತ್ತದೆ. ಅಳತೆ ತೆಗೆದೇ ಕೊಳ್ಳಿ, ಬೆಳಗ್ಗೆ ಹಾಸಿಗೆಯಿಂದ ಇಳಿಯುವ ಮುನ್ನ ಹಾಕಿಕೊಳ್ಳಿ, ರಾತ್ರಿ ಬಿಚ್ಚಿಡಿ. ಮಾತ್ರೆ ಇರುವಷ್ಟು ದಿನ ಮರ ಹತ್ತುವುದು, ಏಣಿ ಕೆಲಸ ಬೇಡ. ತೋಟದಲ್ಲಿ ಕತ್ತಿ ತಾಗಿದರೆ, ಇಂಬಳ ಕಚ್ಚಿದರೆ ರಕ್ತ ಹೆಚ್ಚು ಹೊತ್ತು ಸೋರುತ್ತದೆ. ಒತ್ತಿ ಹಿಡಿದು ಕೂತುಕೊಳ್ಳಿ, ಹತ್ತು ಹದಿನೈದು ನಿಮಿಷದಲ್ಲಿ ನಿಲ್ಲದಿದ್ದರೆ ಆಸ್ಪತ್ರೆಗೆ ಹೋಗಿ. ತಲೆಗೆ ಪೆಟ್ಟು ಬಿದ್ದರಂತೂ ಗಾಯ ಕಾಣದಿದ್ದರೂ ಹೋಗಲೇಬೇಕು.

ಮಾತ್ರೆಯ ಹೆಸರು, ಶುರುವಾದ ದಿನಾಂಕ, ಹೆಪ್ಪು ಆಗಿದ್ದ ನಾಳ ಇಷ್ಟನ್ನು ಬರೆದ ಚೀಟಿಯೊಂದನ್ನು ಆಧಾರ್ ಕಾರ್ಡಿನ ಜೊತೆಗೇ ಇಟ್ಟುಕೊಳ್ಳಿ. ಹಲ್ಲು ಕೀಳಿಸುವಾಗ, ಮುಂದಿನ ಆಪರೇಷನ್ನಿಗೆ, ಮುಂದಿನ ಬಸಿರಿನಲ್ಲಿ ಅದನ್ನು ಮೊದಲು ತೋರಿಸಿ. ನಿಮ್ಮ ಮಗಳಿಗೋ ತಂಗಿಗೋ ಯಾರಾದರೂ ಗರ್ಭನಿರೋಧಕ ಮಾತ್ರೆ ಬರೆಯುವಾಗ, ಮನೆಯಲ್ಲಿ ಒಬ್ಬರಿಗೆ ಕಾಲಿನಲ್ಲಿ ಹೆಪ್ಪಾಗಿತ್ತು ಎಂದು ವೈದ್ಯರಿಗೆ ಹೇಳಲು ಅವಳಿಗೂ ತಿಳಿಸಿಡಿ.